ಹಸಿ ಗೋಡೆಯ ಪಕ್ಕ ಮಲಗುವ ಚಿಕ್ಕಮಾದು

ಬೆಳಗಿನ ಐದೂವರೆ. ಮದ್ದೂರು ತಾಲ್ಲೂಕಿನಲ್ಲಿ ಶಿಂಷೆಯ ದಂಡೆಗೆ ಅಂಟಿಕೊಂಡ ಊರೊಂದರ ಕೊನೆಯ ಬೀದಿ. ನಾಡಹೆಂಚಿನ ಮನೆಯ ಮುಂದೆ ಮೂವರು ನಿಂತಿದ್ದಾರೆ: ಮನೆಯ ಯಜಮಾನಿ ಚಿಕ್ಕಬೋರಮ್ಮ, ಮಗ ಯತೀಶ್, ಹೆರಿಗೆಗೆಂದು ತವರಿಗೆ ಬಂದ ಮಗಳು ವೀಣ. ವೀಣಳ ಸೆರಗಿನೊಳಗೆ ಹನ್ನೊಂದು ದಿನದ ಕೂಸು. ಮನೆ ಅವರದೇ, ಆದರೂ ಯಾರೂ ಬಾಗಿಲು ತಟ್ಟುತ್ತಿಲ್ಲ.

ಹದಿನೆಂಟು ದಿನದ ಹಿಂದೆ ಮೇಲಿನ ಕೆರೆಯ ಏರಿ ಒಡೆದು ನುಗ್ಗಿದ ನೀರು ಎದೆಮಟ್ಟಕ್ಕೆ ಒಂದು ಕಂದು ಗೆರೆ ಎಳೆದು ಹೋಗಿದೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೂ, ಮನೆಯಿಂದ ಮನೆಗೆ, ಅದೇ ಗೆರೆ. ಬೆಳಗಾದರೂ ಕೋಳಿ ಕೂಗುವುದಿಲ್ಲ. ಈ ಬೀದಿಯಲ್ಲಿ ಕೋಳಿಗಳೇ ಉಳಿದಿಲ್ಲ. ಮುಚ್ಚಿದ ಬಾಗಿಲ ಹಿಂದಿನಿಂದ ಟಕ್, ಟಕ್ ಎಂದು ಏನೋ ಬಡಿಯುವ ಸದ್ದು. ನಿಲ್ಲುತ್ತದೆ. ಮತ್ತೆ ಬರುತ್ತದೆ, ಈ ಸಲ ಇನ್ನೂ ಒಳಗಿನಿಂದ. ಆಮೇಲೆ ಯಾರೋ ಯಾರನ್ನೋ ಮೆಲ್ಲಗೆ ವಿಚಾರಿಸುವ ದನಿ.

ಚಿಲಕ ಸರಿಯುತ್ತದೆ. ಕಂಕುಳಲ್ಲಿ ಚಾಪೆ, ಕೈಯಲ್ಲಿ ಹುಣಸೆಕೋಲು ಹಿಡಿದು ಚಿಕ್ಕಮಾದು ಹೊರಗೆ ಬರುತ್ತಾರೆ.

"ರಾತ್ರಿ ಏನಾರ ಕೇಳುಸ್ತೇನ್ಲಾ ಮಾದ?" ಎನ್ನುತ್ತಾರೆ ಚಿಕ್ಕಬೋರಮ್ಮ.

"ಏನೂ ಕೇಳುಸ್ನಿಲ್ಲ ಕಣ್ರವ್ವ. ಅದ್ಕೇ ಬಯ."

ಅರವತ್ತೊಂದರ ಚಿಕ್ಕಮಾದು ಮಳವಳ್ಳಿ ಕಡೆಯವರು, ಹದಿನಾರನೇ ವಯಸ್ಸಿನಿಂದ ಗಾರೆ ಕೆಲಸ. ನೆರೆ ಇಳಿದ ಊರುಗಳಲ್ಲಿ ಅವರು ಮಾಡುವ ಕೆಲಸಕ್ಕೆ ಮಾತ್ರ ಹೆಸರಿಲ್ಲ. ನೀರು ಕುಡಿದ ಮಣ್ಣಿನ ಗೋಡೆಯನ್ನು ಕೋಲಿನಿಂದ ತಟ್ಟಿ ಕೇಳುತ್ತಾರೆ. ಪರವಾಗಿಲ್ಲ ಅನಿಸಿದರೆ ಮನೆಯವರಿಗಿಂತ ಮೊದಲು ತಾವೇ ಆ ಗೋಡೆಯ ಪಕ್ಕ ಮೂರು ರಾತ್ರಿ ಮಲಗುತ್ತಾರೆ. ಮೂರನೆಯ ಬೆಳಗ್ಗೆ ಅವರು 'ಹೂಂ' ಎಂದ ಮೇಲೆ ಮನೆಯವರು ಒಳಗೆ ಹೋಗುತ್ತಾರೆ. ಆರು ಮಳೆಗಾಲದಲ್ಲಿ ಹೀಗೆ ಮಲಗಿದ ಮನೆ ನಲವತ್ತಮೂರು. ಬೇಡ ಎಂದದ್ದು ಹನ್ನೊಂದು. ಮಲಗಿದ್ದಕ್ಕೆ ಕೂಲಿ ಕೇಳುವುದಿಲ್ಲ. ಸಂಜೆಗೊಂದು ಮುದ್ದೆ, ಬಸ್ಸಾರು, ಅಷ್ಟೆ.

ಹೊಸ ಮನೆಗೆ ಮೊದಲು ಹಸುವನ್ನು ಹೊಗಿಸುವುದು ನಮ್ಮ ಹಿರಿಯರ ಪದ್ಧತಿ. ಗೋಡೆಗೂ ಸೂರಿಗೂ ಜೀವವಿದೆ, ಒಂದು ಮುಗ್ಧ ಜೀವ ಹೋಗಿ ಅದರ ಮನಸ್ಸು ತಿಳಿದು ಬರಲಿ ಎಂದಿರಬೇಕು. ಇದನ್ನು ಹೇಳಿದರೆ ಚಿಕ್ಕಮಾದು ನಗುತ್ತಾರೆ. "ಒಸಾ ಮನೆಗೆ ಅಸ, ನೆಂದ್ ಮನೆಗೆ ನಾನು. ಅಸೀನಾದ್ರೆ ಅರಿಸ್ನ ಕುಂಕುಮ ಇಕ್ಕಿ ಕರ್ಕೋತಾರೆ." ಹಾಗೇ ಸೇರಿಸುತ್ತಾರೆ. "ನೀರು ಬರ್ದೆ ಇದ್ದಾಗ ಎಷ್ಟೋ ಮನೇಲಿ ನಂಗೆ ಜಗ್ಲಿ ತಂಕ. ನೀರು ಬಂದ್ಮೇಲೆ ದ್ಯಾವ್ರ್ ಗೂಡಿನ ಪಕ್ಕದ ತಂಕ." ದನಿಯಲ್ಲಿ ದೂರಿಲ್ಲ. ಮಳೆ ಬಂತು, ನಿಂತಿತು ಎಂದಷ್ಟೇ ಸಹಜವಾಗಿ ಹೇಳುತ್ತಾರೆ.

ಈ ಕೆಲಸ ಅವರಿಗೆ ಅಂಟಿಕೊಂಡದ್ದು ಒಂದು ತಪ್ಪಿನಿಂದ. ಆರು ವರ್ಷದ ಹಿಂದಿನ ನೆರೆಯಲ್ಲಿ ನೆಂಟ ಸಿದ್ದರಾಮುವಿನ ಮನೆಗೆ ಕರೆ ಬಂತು. ಸಿದ್ದರಾಮು ಅವರ ತಂಗಿಯ ಗಂಡ. ಇವರು ಹೋದದ್ದು ಸುಡುಮಧ್ಯಾಹ್ನ. ಬಿಸಿಲು ಬಿದ್ದ ಗೋಡೆ ಗಣಗಣ ಎಂದಿತು. ಒಣಗಿದೆ, ಮಲಗಿ ಎಂದು ಬಂದರು. ಹೊರಮೈ ಮಾತ್ರ ಒಣಗಿತ್ತು. ಬೆಳಗಿನ ಜಾವ ಗೋಡೆ ಒಳಮುಖವಾಗಿ ಕುಸಿಯಿತು. ತಂಗಿ ನೀರು ತರಲು ಎದ್ದು ಹೋಗಿದ್ದಳು, ಸಿದ್ದರಾಮು ಏಳಲಿಲ್ಲ.

"ಬಿಸ್ಲಲ್ಲಿ ಗೋಡೆ ಸುಳ್ ಏಳ್ತದೆ. ಎಲ್ಡೊತ್ತು ನೋಡ್ದಲೆ ಮಾತ್ ಕೊಟ್ಬುಟ್ಟೆ," ಎನ್ನುತ್ತಾರೆ. "ಅವತ್ತಿಂದ ಮಾತ್ ಕೊಡಾಕೆ ಮುಂಚೆ ನಾನೇ ಮನಿಕ್ಕತೀನಿ."

ಕತ್ತಲಲ್ಲಿ ಏನು ಕೇಳುತ್ತದೆ? ಒಣಗುವ ಮಣ್ಣು ಚಿಟಿಚಿಟಿ ಎನ್ನುತ್ತದಂತೆ. ನಡುನಡುವೆ ಯಾರೋ ಮಗ್ಗುಲು ಬದಲಿಸಿದಂತೆ ಒಂದು ದೀರ್ಘ ನಿಟ್ಟುಸಿರು. ಓಡಿಹೋದ ಹಲ್ಲಿ ಎರಡನೆಯ ರಾತ್ರಿಯಾದರೂ ವಾಪಸು ಬಂದು ಲೊಚಗುಟ್ಟಬೇಕು. ಕೆಲವು ಮನೆಗಳಲ್ಲಿ ಬೇರೆಯದೂ ಕೇಳುತ್ತದೆ ಎನ್ನುತ್ತಾರೆ. ಅದೇನು ಎಂದು ಕೇಳಿದರೆ, "ಅವು ಆ ಮನೆಯೋರ್ವು, ನಾ ಏಳಾಕಿಲ್ಲ," ಎಂದು ಬೀಡಿ ಹಚ್ಚುತ್ತಾರೆ.

ಚಿಕ್ಕಬೋರಮ್ಮನ ಮನೆಯಲ್ಲಿ ಎರಡು ರಾತ್ರಿ ಗೋಡೆ ಚೆನ್ನಾಗಿ ಸದ್ದು ಮಾಡಿದೆ, ಹಲ್ಲಿಯೂ ಬಂದಿದೆ. ನಿನ್ನೆ ಹಗಲು ಚಿಕ್ಕಮಾದು ಬೇರೊಂದು ಮನೆಗೆ ಹೋದಾಗ ಯತೀಶ್ ಒಂದು ಕೆಲಸ ಮಾಡಿದ್ದಾರೆ. ನಾಡಿದ್ದು ಕೂಸಿಗೆ ಹೆಸರಿಡುವ ಶಾಸ್ತ್ರ, ಬಾಣಂತಿ ಮಲಗುವ ಒಳಕೋಣೆ ಚೊಕ್ಕಟವಾಗಿರಲಿ ಎಂದು ಒಳಗೋಡೆಗೆ ಸಿಮೆಂಟು ಮೆತ್ತಿಸಿದ್ದಾರೆ. ನೆರೆ ಇಳಿದ ಕಡೆಯೆಲ್ಲ ಜನ ಆಸೆಯಿಂದ ಮಾಡುವ ತಪ್ಪು ಇದು. ಗೆರೆ ಮರೆಯಾಗುತ್ತದೆ, ನೀರು ಒಳಗೇ ಉಳಿಯುತ್ತದೆ.

"ನಿನ್ನೆ ತಂಕ ಮಾತಾಡ್ತಿತ್ತು. ಈಗ ಬಾಯಿ ಕಟ್ಟಿದ್ದೀರಿ," ಎನ್ನುತ್ತಾರೆ ಚಿಕ್ಕಮಾದು. "ಆ ಕೋಣೆ ಬ್ಯಾಡಿ. ಸಿಮೆಂಟು ಕೆತ್ತಾಕಿ. ಇಪ್ಪತ್ ದಿನ ಬಾಗ್ಲು ಕಿಟಕಿ ತಗುದ್ ಬುಡಿ."

"ಅಣ್ಣ, ಇಂಜಿನಿಯರ್ ಬಂದು ನೋಡ್ಕೊಂಡು ಸರಿಯಾಗದೆ ಅಂತ ಬರ್ದ್ ಕೊಟ್ಟವ್ರೆ," ಯತೀಶ್ ದನಿ ಏರುತ್ತದೆ. "ನೆರೆ ಬಂದಾಗಿಂದ ಸ್ಕೂಲಲ್ಲಿ ನೂರ್ ಜನದ್ ಮಧ್ಯೆ ಮಲಗಿ ಮಗೀಗೆ ಕೆಮ್ಮು ಹತ್ಕಂಡದೆ. ನಿಮ್ ಕೋಲಿನ್ ಮಾತು ಕೇಳ್ಕೊಂಡು ಇನ್ನೂ ಅಲ್ಲೇ ಇರ್ಬೇಕಾ?"

"ಅವರು ಬಂದಿದ್ದು ಎಷ್ಟೊತ್ಗೆ?"

"ಮಧ್ಯಾಹ್ನ."

ಚಿಕ್ಕಮಾದು ಬೇಡವೆಂದು ತಲೆ ಆಡಿಸುತ್ತಾರೆ. ಚಿಕ್ಕಬೋರಮ್ಮ ಅವರನ್ನು ಬಿಡುವುದಿಲ್ಲ. "ನಮ್ಮತ್ತೆ ಬಾಣ್ತನ, ನನ್ ಬಾಣ್ತನ ಎಲ್ಲಾ ಆ ಕೋಣೇಲೇ ಕಣ್ಲಾ. ದೊಡ್ಡ ಪಂಡಿತ ಬಂದ ಇವ್ನು!"

ವೀಣ ಮುಂದೆ ಬರುತ್ತಾಳೆ. ಸೆರಗಿನೊಳಗೆ ಕೂಸು ಕೆಮ್ಮುತ್ತದೆ.

"ಮಾದಣ್ಣ, ನಿಮ್ ಮೊಮ್ಮಗ ಆಗಿದ್ರೆ ಅಲ್ಲಿ ಮನಗುಸ್ತಿದ್ರಾ?"

"ಬೀದೀಲಿ ಮನಗುಸ್ತಿದ್ದೆ ಕಣವ್ವ. ಅಲ್ಲಿ ಮಾತ್ರ ಇಲ್ಲ."

ಅವಳು ತಾಯಿಯ ಮುಖವನ್ನೂ ಅಣ್ಣನ ಮುಖವನ್ನೂ ನೋಡುವುದಿಲ್ಲ. "ಹಂಗಾರೆ ನಡುಮನೆ?"

"ನಡುಮನೆ ಕಲ್ ಗೋಡೆ, ಒಳಕೋಣೆಯಿಂದ ದೂರ ಅದೆ. ಅಲ್ಲಿಗೆ ನನ್ ಮಾತು," ಎನ್ನುತ್ತಾರೆ ಚಿಕ್ಕಮಾದು. ವೀಣ ಹೊಸಿಲು ದಾಟುತ್ತಾಳೆ. ನಡುಮನೆಯ ಮೂಲೆಗೆ ಮಂಚ ಬೀಳುತ್ತದೆ, ಒಳಕೋಣೆ ಖಾಲಿಯಾಗುತ್ತದೆ. ಹೊರಗಿನಿಂದ ಬಂದ ಕೂಲಿಯವರು ಆ ಗೋಡೆಯ ಸಿಮೆಂಟು ಕೆತ್ತಲು ಶುರುಮಾಡುವ ಹೊತ್ತಿಗೆ ಬಿಸಿಲೇರಿದೆ. ಯತೀಶ್ ಇನ್ನೂ ಗೊಣಗುತ್ತಲೇ ಇದ್ದಾರೆ.

ಬೀದಿಯ ತುದಿಯಲ್ಲಿ ಬೆಂಗಳೂರಿನ ಲಾರಿಯೊಂದು ಬ್ರೆಡ್ಡು, ಸೀರೆ ಇಳಿಸುತ್ತಿದೆ. ಕೊಟ್ಟವರ ಮನಸ್ಸು ದೊಡ್ಡದು ಎಂದು ಚಿಕ್ಕಮಾದು ಕೈ ಮುಗಿಯುತ್ತಾರೆ. "ಮೊದಲ್ನೇ ವಾರ ಬ್ರೆಡ್ಡು ಬೇಕು. ಆಮೇಕೆ ಗುದ್ಲಿ, ಬಾಂಡ್ಲಿ, ಸುಣ್ಣ, ಸೂರಿಗೆ ಊರುಗೋಲು ಕೊಡಾಕೆ ಮರ ತನ್ನಿ. ಕೆಸರು ಎತ್ತಾಕೆ ನಾಕ್ ಜನ ಬನ್ನಿ. ಬೇಗ ಒಣಗ್ಲಿ ಅಂತ ಒಳಗೆ ಬೆಂಕಿ ಆಕ್ಬೇಡಿ, ಮಣ್ಣು ಬಿರೀತದೆ. ಎರಡ್ ತಿಂಗ್ಳಾದ್ಮೇಲೆ ಇನ್ನೊಂದ್ ಸಲ ಬನ್ನಿ. ಆಗ ಯಾರೂ ಬರಾಕಿಲ್ಲ."

ತಮಗೇನು ಬೇಕು ಎಂದರೆ ತುಸು ಯೋಚಿಸುತ್ತಾರೆ. ಊರಿಗೊಬ್ಬರಾದರೂ ಗೋಡೆ ಕೇಳುವುದು ಕಲಿಯಬೇಕಂತೆ. ತಮಗೆ ಎಡಗಿವಿ ಮಂದವಾಗುತ್ತಿದೆ.

ಇಷ್ಟು ಬೈಸಿಕೊಂಡಿರಲ್ಲ, ಆ ಗೋಡೆ ಬೀಳದೇ ಹೋದರೆ ಎಂದು ಕೇಳಿದರೆ, ಚಾಪೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಮುಂದಿನ ಮನೆಯ ಕಡೆ ಹೆಜ್ಜೆ ಹಾಕುತ್ತಲೇ ಹೇಳುತ್ತಾರೆ:

"ಬೀಳ್ದಿದ್ರೆ ಸಾಯೋ ತಂಕ ಬೈತಾರೆ, ಬೈಲಿ ಬುಡಿ. ನನ್ನ ಬೈಯೋಕೆ ಆ ಮನೇಲಿ ಜನ ಇರ್ತಾರಲ್ಲ."