ಗೋತ್ರ ಹುಡುಕಿದ ಬೀಗರು

ಅಮೆರಿಕದ ನೋವೈ ಊರಿನ ನಮ್ಮ ಮನೆಯಲ್ಲಿ ಬೀಗರು ಹಳೆಯ ಕಾಗದವೊಂದರ ನಕಲನ್ನು ನನ್ನ ಮುಂದಿಟ್ಟರು. ಮಗಳು ಮೆಚ್ಚಿದ ಹುಡುಗನ ತಂದೆ, ಡೆಟ್ರಾಯಿಟ್‌ನ ಕಪ್ಪು ಜನಾಂಗದವರು. ಮದುವೆಗೆ ಗೋತ್ರ ಬೇಕು, ಗೋತ್ರವೆಂದರೆ ವಂಶದ ಮೂಲಪುರುಷ ಎಂದು ನಾನೇ ಹೇಳಿದ್ದೆ. ಗೊತ್ತಿಲ್ಲದವರು ಕಾಶ್ಯಪ ಎಂದರೆ ಸಾಕೆಂಬುದು ಅವರಿಗೇನು ಗೊತ್ತು? ಬ್ರಿಟಿಷರ ಕಾಲದ ವರ್ಜೀನಿಯಾದ ಕ್ರಯಪತ್ರ, ಕೋರ್ಟ್ ದಾಖಲೆಗಳನ್ನೆಲ್ಲ ಜಾಲಾಡಿಬಿಟ್ಟಿದ್ದರು.

ಏಳನೇ ಕ್ಲಾಸಿಗೇ ದುಡಿಮೆಗಿಳಿದ ನನಗೆ ಆ ಇಂಗ್ಲಿಷ್ ತಿಳಿಯಲಿಲ್ಲ. ಮಗಳು ಓದಿ ಹೇಳಿದಳು: “ಅಪ್ಪಾ, ಧಣಿ ಸತ್ತ ಮೇಲೆ ಆಸ್ತಿ ಪಾಲು ಮಾಡಿದಾರೆ. ದೊಡ್ಡ ಮಗನಿಗೆ ಎತ್ತು, ಗಾಡಿ, ಪೀಟರ್ ಅನ್ನೋ ಗುಲಾಮರ ಮಗು. ಆ ಮಗುವಿನ ತಾಯಿ ಚಿಕ್ಕ ಮಗನ ಪಾಲಿಗೆ.”

“ಇವನಿಗಿಂತ ಹಿಂದೆ ಯಾರ ಹೆಸರೂ ಸಿಗಲಿಲ್ಲ, ಬ್ರದರ್. ನಿಮ್ಮ ಪುರೋಹಿತರಿಗೆ ಇವನು ಸಾಕಾಗ್ತಾನಾ?” ಎಂದರು ಬೀಗರು.

ಸಾಕು ಎಂದೆ. ಪುರೋಹಿತರು ಸುಲಭಕ್ಕೆ ಒಪ್ಪಲಿಲ್ಲ, ನಾನೂ ಬಿಡಲಿಲ್ಲ.

ಮಂಟಪದಲ್ಲಿ ಗೋತ್ರದ ಜಾಗದಲ್ಲಿ ಪೀಟರನ ಹೆಸರು ಕೇಳಿ ಬೀಗರು ಕಣ್ಣೊರೆಸಿಕೊಂಡರು. ಆದರೆ ಮಗಳ ಕೈ ಹಿಡಿದು ಧಾರೆ ಎರೆಯುವಾಗ, ಹೆಸರೂ ಉಳಿಯದ ಆ ತಾಯಿ ನೆನಪಾಗಿ, ಪುರೋಹಿತರು ಹೇಳಿಕೊಟ್ಟ ‘ಕೊಟ್ಟೆ’ ಎಂಬ ಮಾತನ್ನು ನನ್ನಿಂದ ಹೇಳಲಾಗಲಿಲ್ಲ.