ಒಡ್ಡಿನ ಕೆಳಗೆ ಯಾರೂ ಇಲ್ಲ

ನಮ್ಮ ಮನೆಯವರನ್ನು ಮಣ್ಣು ಮಾಡಿದ್ದು ಕೆರೆಯ ಒಡ್ಡಿನ ಬುಡದಲ್ಲಿ, ನಮ್ಮದೇ ಹೊಲದ ಮೇಲಿನ ಅಂಚಿನಲ್ಲಿ. ರಾಯಬಾಗದಿಂದ ಮುಗಳಖೋಡದ ಕಡೆಗೆ ಹೋಗುವಾಗ ಸಿಗುವ ಊರು ನಮ್ಮದು. ಹೊಲ ಇದ್ದವರು ತಮ್ಮ ಸತ್ತವರನ್ನು ಹೊಲದಲ್ಲೇ ಕೂಡಿಸಿ ಮಣ್ಣು ಕೊಡುವುದು ನಮ್ಮ ಮಂದಿಯ ಪದ್ಧತಿ. ನಮ್ಮ ಮಾವ, ಅವರ ಅಪ್ಪ ಎಲ್ಲ ಅಲ್ಲೇ ಇದ್ದಾರೆ. ದಿನಾ ಮುಂಜಾನೆ ಸಮಾಧಿಗೆ ಒಂದು ತಂಬಿಗೆ ನೀರು ಹಾಕಿ, ಹಿತ್ತಲಲ್ಲಿ ಅರಳಿದ ಹೂ ಇಟ್ಟು ಬರುತ್ತಿದ್ದೆ. ಅತ್ತದ್ದು ಮಾತ್ರ ಇಲ್ಲ. ಸಾಲಿ ಕಲಿಸುವ ಅಕ್ಕೋರು ಹುಡುಗರನ್ನು ಬೈದು ಬೈದು ಕಲ್ಲಾಗಿದ್ದಾರೆ ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ, ಅವರ ಬಾಯಿಗೆ ನಾನೇನು ಬೀಗ ಹಾಕಲೇ? ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ನನಗೆ ಮೈತುಂಬ ಹಾಗಾಗಿತ್ತು. ಚಹಾಕ್ಕೆ ಸಕ್ಕರೆ ಹಾಕಿಲ್ಲ ಎಂಬುದು ಮಗ ಮುಖ ಕಿವುಚಿದ ಮೇಲೆ ಗೊತ್ತಾಗುತ್ತಿತ್ತು.

ಬೇಸಿಗೆಯಲ್ಲಿ ಸಮಾಧಿಯ ಕಟ್ಟೆ ಒಂದು ಬದಿಗೆ ವಾಲಿತು. ಮುಟ್ಟಿ ನೋಡಿದರೆ ಸುತ್ತಲಿನ ಮಣ್ಣು ಹಸಿ. ಕೆರೆಯ ನೀರು ಒಡ್ಡಿನ ಹೊಟ್ಟೆಯೊಳಗಿಂದ ಜಿನುಗಿ ಬುಡದಲ್ಲಿ ಹೊರಗೆ ಬರುತ್ತಿತ್ತು. ಅದು ಹೊಸದೇನಲ್ಲ. ಊರೆಲ್ಲ ಒಣಗಿ ನಿಂತಾಗಲೂ ಅಲ್ಲಿ ಹುಲ್ಲು ಹಸಿರಾಗಿರುತ್ತಿತ್ತು. "ಗಂಗವ್ವ ತಾನಾಗೇ ನಮ್ಮ ಹೊಲಕ್ಕ ನಡಕೊಂಡ ಬಂದಾಳ" ಎಂದು ನಮ್ಮ ಮನೆಯವರು ಅಮಾವಾಸ್ಯೆಗೊಮ್ಮೆ ಅಲ್ಲಿ ಊದುಬತ್ತಿ ಹಚ್ಚಿ ಕಾಯಿ ಒಡೆಯುತ್ತಿದ್ದರು. ಸೋರುವ ಒಡ್ಡಿಗೆ ಪೂಜೆ ಮಾಡುವ ಜನ ನಾವು. ಈಗ ಆ ಗಂಗವ್ವ ಅವರ ಸಮಾಧಿಯನ್ನೇ ಕರಗಿಸುತ್ತಿದ್ದಳು. ಒಡ್ಡು ಒಡೆದರೆ ಮೊದಲು ಕೊಚ್ಚಿಹೋಗುವವರೂ ಅವರೇ.

ಅದೇ ಬೇಸಿಗೆಯಲ್ಲಿ ಒಡ್ಡಿನ ತಪಾಸಣೆಗೆ ಒಬ್ಬ ಇಂಜಿನಿಯರ್ ಬಂದ. ಅಥಣಿ ಕಡೆಯವನು, ನನ್ನ ಮಗನ ವಯಸ್ಸಿನವನು. ಒಡ್ಡಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದ. ಬೆಳೆದು ನಿಂತ ಜಾಲಿಗಿಡಗಳ ಫೋಟೋ ತೆಗೆದ, ಇಲಿ ಬಿಲದೊಳಗೆ ಕೋಲು ಹಾಕಿ ನೋಡಿದ. ಆಮೇಲೆ ನಮ್ಮ ಸಮಾಧಿಯ ಹತ್ತಿರ ಕೂತು ಜಿನುಗುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ಎತ್ತಿದ.

"ನೀರ ತಿಳಿ ಇದ್ರ ಅಷ್ಟೇನ ಚಿಂತಿಲ್ರಿ ಅಕ್ಕೋರ. ಮಣ್ಣ ತರಾಕತ್ತಿದ್ರ ಒಳಗ ಒಡ್ಡ ಟೊಳ್ಳ ಆಗಾಕತ್ತೈತಿ ಅಂತ ಅರ್ಥ."

ಸ್ವಲ್ಪ ಹೊತ್ತಿಗೆ ಬಾಟಲಿಯ ತಳದಲ್ಲಿ ಕೆಂಪು ಕೆಸರು ಕೂತಿತು. ಅವನು ಅದನ್ನು ಚೀಲಕ್ಕೆ ಹಾಕಿಕೊಂಡು, ಕೆಳಗಿನ ಮನೆಗಳನ್ನು ಎಣಿಸತೊಡಗಿದ. ನಮ್ಮದೂ ಸೇರಿ ಅಲ್ಲಿ ಇದ್ದದ್ದು ನಾಲ್ಕಾರು ಮನೆ.

"ಒಡ್ಡ ನೋಡಾಕ ಬಂದೀರಿ, ನಮ್ಮ ಮನಿ ಯಾಕ ಎಣಸ್ತೀರಿ?" ಎಂದೆ.

"ಅವು ಎರಡು ಬ್ಯಾರೆ ಬ್ಯಾರೆ ರೀ. ಒಡ್ಡಿನ ಸ್ಥಿತಿ ಹೆಂಗೈತಿ ಅನ್ನೂದ ಒಂದು. ಅದು ಒಡದ್ರ ಕೆಳಗ ಯಾರ ಜೀವ ಹೋಗತೈತಿ ಅನ್ನೂದ ಇನ್ನೊಂದು. ಅದಕ್ಕ ಅಪಾಯದ ದರ್ಜೆ ಅಂತೀವಿ. ಒಡ್ಡ ಎಷ್ಟ ಗಟ್ಟಿ ಇದ್ರೂ ಕೆಳಗ ಮಂದಿ ಇದ್ರ ದರ್ಜೆ ದೊಡ್ಡದ ಇರತೈತ್ರಿ."

"ನಮ್ಮದು?"

"ಸ್ಥಿತಿ ಕೆಟ್ಟೈತಿ. ದರ್ಜೆನೂ ಮ್ಯಾಲಿಂದ."

ಎರಡೂ ವಿಷಯದಲ್ಲಿ ನಾಪಾಸು. ಅಂಥ ಹುಡುಗರನ್ನು ಬೇಕಾದಷ್ಟು ನೋಡಿದವಳು ನಾನು. "ರಿಪೇರಿ ಆಗಲೇಬೇಕು ಅಂತ ಬರೀತೀನ್ರಿ" ಎಂದು ಹೇಳಿ ಹೋದ. ಇನ್ನು ನಮ್ಮ ಮನೆಯವರಿಗೆ ಏನೂ ಆಗುವುದಿಲ್ಲ ಎಂದುಕೊಂಡು ಬಂದು ರೊಟ್ಟಿ ಬಡಿದೆ.

ಆ ಮಳೆಗಾಲ ಹೇಗೋ ಕಳೆದು, ದೀಪಾವಳಿ ಮುಗಿದ ಮೇಲೆ ರಿಪೇರಿಯ ಬದಲು ಜಾಗ ಬಂತು. ಒಡ್ಡಿನ ಕೆಳಗಿನವರಿಗೆಲ್ಲ ಡಾಂಬರು ರಸ್ತೆಯ ಪಕ್ಕದಲ್ಲಿ ಮನೆ ಕಟ್ಟಿಕೊಳ್ಳಲು ಸರಕಾರಿ ಜಾಗ. ಎಲ್ಲರೂ ಕುಣಿದಾಡಿದರು. ನನ್ನ ಮಗನಿಗೂ ಖುಷಿ, ಟ್ರ್ಯಾಕ್ಟರ್ ಮನೆ ಬಾಗಿಲಿಗೇ ಬರುತ್ತದೆ. ನಾನು ಮಾತ್ರ ಬರುವುದಿಲ್ಲ ಎಂದೆ.

"ನಿಮ್ಮಪ್ಪನ್ನ ಬಿಟ್ಟು ಹೆಂಗ ಹೋಗೂದು?"

"ಅಪ್ಪ ಎಲ್ಲಿ ಹೋಗ್ತಾನ ಅವ್ವಾ? ದಿನಾ ಹೊಲಕ್ಕ ಬರ್ತೀವಲ್ಲ. ಒಡ್ಡನೂ ರಿಪೇರಿ ಮಾಡ್ತಾರ. ಮೊದಲ ಜೀವ ಇದ್ದವರನ್ನ ನೋಡು." ತೊಡೆಯ ಮೇಲಿದ್ದ ತನ್ನ ಮಗಳ ಕಡೆ ಕೈ ಮಾಡಿ ತೋರಿಸಿದ.

ಅವನ ಮಾತು ಬರೋಬರಿ ಇತ್ತು. ಕೂಸನ್ನು ಅಲ್ಲಿ ಮಲಗಿಸು ಎಂದು ಯಾವ ಬಾಯಿಂದ ಹೇಳಲಿ? ರಸ್ತೆ ಪಕ್ಕ ಹೊಸ ಗೋಡೆ ಎದ್ದ ಮೇಲೆ, ಹಳೆ ಮನೆಯ ಪತ್ರಾಸು ತಗಡು ಇಳಿಸಿ, ಬಾಗಿಲು ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದೆವು. ದನದ ಕೊಟ್ಟಿಗೆಯೊಂದು ಉಳಿಯಿತು. ಸಮಾಧಿಗೆ ನೀರು ಹಾಕಿ, "ಬರ್ತೀನ್ರಿ" ಎಂದೆ. ಅವರು ಬದುಕಿದ್ದಾಗ ಸಾಲಿಗೆ ಹೊರಡುವ ಮುಂಚೆಯೂ ಹಾಗೇ ಅನ್ನುತ್ತಿದ್ದೆ. ಆಗಲೂ ಕಣ್ಣಲ್ಲಿ ನೀರು ಬರಲಿಲ್ಲ.

ಮುಂದಿನ ಮಳೆಗಾಲ ಹತ್ತಿರ ಬಂದರೂ ಒಡ್ಡಿನ ಮೇಲೆ ಒಂದು ಬುಟ್ಟಿ ಮಣ್ಣು ಬೀಳಲಿಲ್ಲ. ಒಂದು ದಿನ ಬಸ್ಸು ಹತ್ತಿ ರಾಯಬಾಗಕ್ಕೆ ಹೋಗಿ ಆ ಇಂಜಿನಿಯರನ ಎದುರು ಕೂತೆ. ಅವನು ಪಾಪ, ಮೊದಲು ಚಹಾ ತರಿಸಿದ.

"ನಿಮ್ಮ ಒಡ್ಡಿನ ದರ್ಜೆ ಇಳದೈತ್ರಿ ಅಕ್ಕೋರ. ಕೆಳಗ ಈಗ ಯಾರೂ ಇಲ್ಲಲ್ರಿ. ಮಂದಿ ಇದ್ದ ಒಡ್ಡಿಂದ ಮೊದಲ ಕೆಲಸ. ನಿಮ್ಮದ ಹಿಂದ ಬಿತ್ತು."

"ಒಡ್ಡ ಸೋರೂದ ನಿಂತೈತೇನು?"

"ಇಲ್ರಿ. ಸ್ಥಿತಿ ಇದ್ದಂಗ ಐತಿ."

"ನೆಗಡಿ ಬಂತಂತ ಮೂಗ ಕೊಯ್ಕೊಂಡಂಗ ಆತಲ್ಲೋ ಇದು. ಒಡ್ಡ ರಿಪೇರಿ ಮಾಡ್ರಿ ಅಂದ್ರ ನಮ್ಮನ್ನ ಎಬ್ಬಿಸಿದ್ರಿ. ನಮ್ಮ ಮನಿಯವರು ಅದಾರಲ್ಲ ಅಲ್ಲಿ?"

"ಸತ್ತವರನ್ನ ಲೆಕ್ಕಕ್ಕ ಹಿಡಿಯಂಗಿಲ್ರಿ ಅಕ್ಕೋರ" ಎಂದ, ಬಹಳ ಮೆಲ್ಲಗೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ಜೀವ ಇದ್ದವರು ಇನ್ನೂ ಎಷ್ಟೋ ಒಡ್ಡುಗಳ ಕೆಳಗೆ ಮಲಗುತ್ತಾರೆ, ಅವರದು ಮೊದಲು ಆಗಬೇಕಾದ್ದೇ. ಚಹಾ ಕುಡಿದು ಮುಗಿಸಿ ಒಂದೇ ಮಾತು ಕೇಳಿದೆ.

"ದರ್ಜೆ ಮತ್ತ ಏರಬೇಕಾದ್ರ ಕೆಳಗ ಎಷ್ಟ ಮಂದಿ ಇರಬೇಕು?"

"ಕಾಯಂ ಇರೋರು ಒಬ್ಬರಿದ್ರೂ ಮತ್ತ ನೋಡಬೇಕಾಗತೈತ್ರಿ" ಎಂದ. ಯಾಕೆ ಕೇಳಿದೆ ಎಂದು ಅವನಿಗೆ ಹೊಳೆಯಲಿಲ್ಲ.

ವಾಪಸು ಬರುವಾಗ ಹೊಸ ಮನೆಯ ಸ್ಟಾಪಿನಲ್ಲಿ ಇಳಿಯಲಿಲ್ಲ, ಹೊಲದ ಹತ್ತಿರ ಇಳಿದೆ. ಕೊಟ್ಟಿಗೆ ಕಸ ಹೊಡೆದು, ಮೂರು ಕಲ್ಲು ಹೂಡಿ ಒಲೆ ಮಾಡಿದೆ. ಹೊತ್ತು ಇಳಿಯುವ ಮುಂಚೆ ಮಗ ಹುಡುಕಿಕೊಂಡು ಬಂದ. ಹೊಗೆ ನೋಡಿ ದೂರದಿಂದಲೇ ಬೈಯುತ್ತ ಬಂದ.

"ಹುಚ್ಚ ಹಿಡದೈತೇನ ಅವ್ವಾ ನಿನಗ? ಒಡ್ಡ ಒಡದ್ರ ಏನ ಮಾಡ್ತಿ?"

"ಒಡೀಬಾರದಂತನ ಬಂದೀನಿ. ಆ ಸಾಹೇಬಗ ಫೋನ್ ಹಚ್ಚು. ಒಡ್ಡಿನ ಕೆಳಗ ಒಬ್ಬಾಕಿ ಅದಾಳ, ಬರಕೋರಿ ಅಂತ ಹೇಳು."

ಅವನು ಬಹಳ ಹೊತ್ತು ಸಿಟ್ಟಿನಿಂದ ಅತ್ತಿತ್ತ ಅಡ್ಡಾಡಿದ. ನಾನು ಏಳಲಿಲ್ಲ. ಸಣ್ಣವನಿದ್ದಾಗ ಹಟ ಮಾಡಿದರೆ ಅವನನ್ನು ಹೀಗೇ ಕೂತು ಸೋಲಿಸುತ್ತಿದ್ದೆ. ಕೊನೆಗೆ ಫೋನು ಹಚ್ಚಿ ಎಲ್ಲ ಹೇಳಿದ. ಆ ಕಡೆಯಿಂದ ಏನೋ ಕೇಳಿದರು. ಮಗ ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದ.

"ರಾತ್ರಿನೂ ಅಲ್ಲೇ ಮಲಗ್ತಾರೇನು ಅಂತ ಕೇಳಾಕತ್ತಾರ."

"ಹೂಂ ಅನ್ನು" ಎಂದೆ. ಅಂದ ಮೇಲೆ ತಲೆ ಎತ್ತಿ ಒಡ್ಡಿನ ಕಡೆ ನೋಡಿದೆ. ಅವರು ಹೋದ ಮೇಲೆ ಮೊದಲ ಸಲ ನನಗೆ ಹೆದರಿಕೆಯಾಯಿತು.