ಕರಿ ಕಾರಿನ ಹಿಂಬಾಗಿಲು

ಪ್ಯೊ ದಲ್‌ಸು ಗುನ್ಸಾನ್ ಬಂದರಿನ ಊರಿನಲ್ಲಿ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ, ಆಮೇಲೆ ಶವ ಸಾಗಿಸುವ ಉದ್ದನೆಯ ಕರಿ ಕಾರಿಗೆ ಚಾಲಕನಾದವನು. ಈ ಕೆಲಸದಲ್ಲಿ ಪ್ರಯಾಣಿಕರ ತಕರಾರಿಲ್ಲ ಎಂದು ಹೆಂಡತಿಯ ಹತ್ತಿರ ನಗೆಯಾಡುತ್ತಿದ್ದ. ಒಂಬತ್ತು ವರ್ಷ ನಿಜವಾಗಿಯೂ ತಕರಾರು ಬರಲಿಲ್ಲ. ಆ ವಸಂತದಲ್ಲಿ ಮಾತ್ರ, ತಾಯಿಯ ಶವಪೆಟ್ಟಿಗೆಯನ್ನು ಕಾರಿಗೆ ಏರಿಸಿದ ಮೇಲೆ ಒಬ್ಬ ಹೆಣ್ಣುಮಗಳು ಬೆಳಗಿನ ಬಿಸಿಲಿನಲ್ಲಿ ಕಾರಿನ ಮೈಯನ್ನೇ ನೋಡುತ್ತ ನಿಂತುಬಿಟ್ಟಳು.

“ಜೇಡ ಬಲೆ ಕಟ್ಟಿದ ಹಾಗಿದೆಯಲ್ಲ. ನಮ್ಮಮ್ಮ ಒಂದು ಲೋಟದ ಮೇಲೂ ಕಲೆ ಇರೋಕೆ ಬಿಡ್ತಿರ್ಲಿಲ್ಲ.”

ಬೈದಿದ್ದರೆ ಅವನು ಸಂಜೆಗೆ ಮರೆಯುತ್ತಿದ್ದ. ಅವಳು ಸುಮ್ಮನೆ ಅಂದಳು, ಅದು ಚುಚ್ಚಿತು.

ಮರುದಿನ ಅವನು ಕಾರನ್ನು ಬೊಕ್‌ಸುನ್ ಎಂಬಾಕೆಯ ಶೆಡ್ಡಿಗೆ ಒಯ್ದ. ಅರವತ್ತು ದಾಟಿದ ಆಕೆ ಬಂದರಿನ ಹಿಂದೆ ಮೂವತ್ತು ವರ್ಷಗಳಿಂದ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದಳು. ಟಾರ್ಚಿನ ಬೆಳಕು ಬಿಟ್ಟು ನೋಡಿ, ದಿನಾ ಇದನ್ನು ಯಾವುದರಲ್ಲಿ ಒರೆಸುತ್ತೀ ಎಂದು ಕೇಳಿದಳು. ಒಂದು ದಿನವೂ ತಪ್ಪಿಸದೆ ಒಣಬಟ್ಟೆಯಲ್ಲಿ ಉಜ್ಜುತ್ತೇನೆ ಎಂದು ದಲ್‌ಸು ತುಸು ಹೆಮ್ಮೆಯಿಂದಲೇ ಹೇಳಿದ.

“ಹಾಗಾದ್ರೆ ಈ ಗೀರೆಲ್ಲ ನೀನೇ ಎಳೆದಿರೋದು ಕಣಪ್ಪ,” ಎಂದಳು ಆಕೆ. “ಧೂಳಿನ ಮೇಲೆ ಒಣಬಟ್ಟೆ ಅಂದ್ರೆ ಉಪ್ಪುಕಾಗದವೇ.”

ತಾನು ಕೆಡಿಸಿದ್ದನ್ನು ತಾನೇ ಸರಿಮಾಡುತ್ತೇನೆಂದು ಅವನು ಹಟ ಹಿಡಿದ. ಎರಡು ತಿಂಗಳು ಪ್ರತಿ ಭಾನುವಾರ ಆಕೆಯ ಶೆಡ್ಡಿನಲ್ಲಿ ಗುಜರಿಯ ಬಾನೆಟ್ಟೊಂದರ ಮೇಲೆ ಪಾಲಿಶ್ ಯಂತ್ರ ಹಿಡಿಯುವುದನ್ನು ಕಲಿತ. ಮೊದಲ ದಿನ ಸ್ಪಂಜಿನ ಬಿಲ್ಲೆಯನ್ನು ತಗಡಿಗೆ ಒತ್ತುವ ಮೊದಲೇ ಗುಂಡಿ ಒತ್ತಿದ್ದಕ್ಕೆ ಪಾಲಿಶ್ ಎಲ್ಲ ಹಾರಿ ಆಕೆಯ ಕನ್ನಡಕಕ್ಕೆ ಬಿತ್ತು. ಎರಡು ಗೇಣಿನ ಚೌಕಕ್ಕಿಂತ ಹೆಚ್ಚು ಜಾಗ ಹಿಡಿಯಬಾರದು, ಕೈ ಬಸವನಹುಳುವಿನ ಹಾಗೆ ಹೋಗಬೇಕು, ಭಾರ ಬಿಡಬಾರದು, ಅಂಚಿಗೆ ಕಾಗದದ ಟೇಪು ಅಂಟಿಸಬೇಕು, ಆಗಾಗ ಅಂಗೈಯಿಟ್ಟು ಬಿಸಿ ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಆಕೆ ಹೇಳಿದ್ದು ಒಂದೇ: ಬಣ್ಣದ ಮೇಲೆ ಗಾಜಿನಂಥ ತೆಳು ಪದರವಿದೆ, ಉಜ್ಜುವುದು ಅದನ್ನು, ಅದು ಸವೆದು ಹೋದರೆ ಮತ್ತೆ ಬರುವುದಿಲ್ಲ.

ಜೂನ್ ತಿಂಗಳ ಒಂದು ಭಾನುವಾರ, ಅಂಗಳದಲ್ಲಿ ಕರಿ ಕಾರನ್ನು ಉಜ್ಜಲು ಅದರ ಯಜಮಾನ ಮಾ ಎಂಬಾತ ಒಲ್ಲದ ಮನಸ್ಸಿನಿಂದ ಒಪ್ಪಿದ. ಮರುದಿನ ಬೆಳಿಗ್ಗೆ ಆರಕ್ಕೆ ಒಂದು ಶವ ಹೊರಡಬೇಕಿತ್ತು. ಇನ್ನೊಂದು ಕಾರು ರಿಪೇರಿಯಲ್ಲಿತ್ತು. ಏನಾದರೂ ಆದರೆ ನಾಳೆ ಪೆಟ್ಟಿಗೆಯನ್ನು ನಿನ್ನ ಬೆನ್ನ ಮೇಲೆ ಹೊರುತ್ತೀಯ ಎಂದು ಎಚ್ಚರಿಸಿಯೇ ಅವನು ಒಳಗೆ ಹೋದ.

ಬಾನೆಟ್ಟು ಮುಗಿಯಿತು, ಬಾಗಿಲುಗಳು ಮುಗಿದವು. ಗೀರಿನ ಬಲೆ ಕಳಚಿದ ಕಡೆ ಕಪ್ಪು ಬಣ್ಣ ಬಾವಿಯ ನೀರಿನಂತೆ ಆಳವಾಗಿ ಕಂಡಿತು. ನಾಲ್ಕು ಗಂಟೆಗೆ ಅವನು ಹಿಂಬಾಗಿಲಿಗೆ ಯಂತ್ರ ಇಟ್ಟ. ಒಂದು ಸುತ್ತು ಮುಗಿಸಿ ಯಂತ್ರ ಎತ್ತಿ ನೋಡಿದರೆ ಬಿಳಿ ಸ್ಪಂಜು ಕಪ್ಪಾಗಿತ್ತು.

ಒರೆಸಿ ಇನ್ನೊಮ್ಮೆ ನೋಡಿದ. ಬಟ್ಟೆಗೂ ಕಪ್ಪು ಹತ್ತಿತು. ಪದರ ಹರಿದು ಬಣ್ಣಕ್ಕೇ ಇಳಿದಿದ್ದೇನೆ ಎಂದುಕೊಂಡ. ಬೊಕ್‌ಸುನ್‌ಗೆ ಫೋನು ಮಾಡಿದರೆ ಎತ್ತಲಿಲ್ಲ. ಭಾನುವಾರ ಸಂಜೆ ಆಕೆ ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿರುತ್ತಾಳೆಂದು ನೆನಪಾಗಿ, ಹೆಂಡತಿಗೆ ಫೋನು ಮಾಡಿ ಅವಳನ್ನು ಅಲ್ಲಿಗೆ ಓಡಿಸಿದ. ಯಂತ್ರವನ್ನು ಕೆಳಗಿಡಲೂ ತೋಚದೆ ಹಿಡಿದುಕೊಂಡೇ ನಿಂತಿದ್ದಾಗ ಮಾ ಹೊರಗೆ ಬಂದ. ಸ್ಪಂಜು ನೋಡಿದ, ಕಾರು ನೋಡಿದ.

“ಆ ಮನೆಯವರಿಗೆ ಏನಂತ ಹೇಳ್ಲಿ ನಾನು? ನೀನೇ ಹೋಗಿ ಹೇಳು.”

ಇಪ್ಪತ್ತು ನಿಮಿಷ ಇಬ್ಬರೂ ರಸ್ತೆಯ ಕಡೆ ನೋಡುತ್ತ ಕಾದರು.

ಬೊಕ್‌ಸುನ್ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡೇ ಬಂದಳು. ಬಣ್ಣದ ದಪ್ಪ ಅಳೆಯುವ ಪುಟ್ಟ ಸಾಧನವನ್ನು ಮೊದಲು ಬಾಗಿಲಿಗೆ ಹಿಡಿದಳು, ಆಮೇಲೆ ಹಿಂಬಾಗಿಲಿಗೆ, ಮತ್ತೆ ಬಾಗಿಲಿಗೆ. ದಲ್‌ಸು ಆಕೆಯ ಮುಖವನ್ನೇ ನೋಡುತ್ತಿದ್ದ.

“ನೀನೇನೂ ಹಾಳು ಮಾಡಿಲ್ಲ,” ಎಂದಳು ಕೊನೆಗೆ. “ಇಲ್ಲಿ ಗಾಜಿನ ಪದರವೇ ಇಲ್ಲ, ಬರೀ ಬಣ್ಣ. ಉಜ್ಜಿದ್ರೆ ಕಪ್ಪು ಬಂದೇ ಬರುತ್ತೆ. ಯಾರೋ ಇದನ್ನ ಅಗ್ಗಕ್ಕೆ ಮತ್ತೆ ಬಳಿದಿದ್ದಾರೆ.” ಆಕೆ ಯಜಮಾನನ ಕಡೆ ತಿರುಗಿದಳು. “ಯಾರು?”

ಮಾ ಕತ್ತು ಕೆರೆದುಕೊಂಡ. ದಲ್‌ಸು ಬರುವ ಮುಂಚಿನ ಚಾಲಕ ಕಾರನ್ನು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ಗುದ್ದಿದ್ದನಂತೆ, ಅದನ್ನು ಮಾ ಎಲ್ಲೋ ಬಳಿಸಿದ್ದನಂತೆ. ಹೇಳಬೇಕಿತ್ತು ಎಂದು ಗೊಣಗಿ ಅವನು ಎಲ್ಲರಿಗೂ ಬಾರ್ಲಿ ಚಹಾ ತರಲು ಒಳಗೆ ಹೋದ.

ಉಳಿದದ್ದನ್ನು ನೀವೇ ಮುಗಿಸಿಕೊಡಿ ಅಕ್ಕಾ ಎಂದು ದಲ್‌ಸು ಯಂತ್ರ ನೀಡಿದ. ಆಕೆ ಕೈ ಹಿಂದೆ ಕಟ್ಟಿಕೊಂಡಳು. ಅತಿ ಮೆತ್ತನೆಯ ಬಿಲ್ಲೆ, ಎರಡೇ ಸುತ್ತು, ಬಣ್ಣ ತೆಳುವಾಗಿದೆ, ಮೂರನೆಯದಕ್ಕೆ ಹೋದರೆ ಕೆಳಗಿನ ಬೂದುಬಣ್ಣ ಕಾಣುತ್ತದೆ ಎಂದಷ್ಟೇ ಹೇಳಿದಳು.

ಅವನು ಬಾಗಿದ. ಯಂತ್ರ ಗುಂಯ್ಗುಟ್ಟಿತು. ಒಂದು ಚೌಕ, ಅಂಗೈ, ಒಂದು ಚೌಕ, ಅಂಗೈ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಬಲ ಮೂಲೆಯಲ್ಲಿ ಉಗುರುದ್ದದ ಹಳೆಯ ಗೀರೊಂದು ಉಳಿಯಿತು. ಇನ್ನೊಂದೇ ಸುತ್ತು ಎಂದು ಕೈ ತಾನಾಗಿ ಅತ್ತ ಸರಿಯಿತು.

“ಬಿಡು,” ಎಂದಳು ಬೊಕ್‌ಸುನ್.

ಅವನು ಯಂತ್ರ ನಿಲ್ಲಿಸಿದ. ಇನ್ನೂ ಸಂಜೆಯ ಬೆಳಕಿತ್ತು.

ಬೆಳಿಗ್ಗೆ ಆರಕ್ಕೆ, ಬಂದರಿನಲ್ಲಿ ನಲವತ್ತು ವರ್ಷ ಬಲೆ ಹೆಣೆದ ಮುದುಕನೊಬ್ಬನನ್ನು ಆರು ಮಂದಿ ಹೊತ್ತು ತಂದರು. ಹಿಂಬಾಗಿಲು ಮುಚ್ಚಿದಾಗ ಮಕ್ಕಳು, ಸೊಸೆಯಂದಿರು, ಕರಿಯ ಬಟ್ಟೆಯ ನೆಂಟರೆಲ್ಲ ಅದರಲ್ಲಿ ಸ್ಪಷ್ಟವಾಗಿ ಮೂಡಿದರು. ಯಾರೂ ಅದನ್ನು ಗಮನಿಸಲಿಲ್ಲ. ಎಲ್ಲರೂ ತಲೆ ಬಾಗಿಸಿದ್ದರು. ದಲ್‌ಸುವಿಗೆ ಒಂದು ಗಳಿಗೆ ಪೆಚ್ಚೆನಿಸಿತು. ಆಮೇಲೆ, ಇಂಥ ದಿನ ಕಾರು ಕಣ್ಣಿಗೆ ಬೀಳದಿರುವುದೇ ಸರಿ ಎನಿಸಿತು.

ಹಿಂದಿರುಗಿದ ಮೇಲೆ, ರಿಪೇರಿಯಾಗಿ ಬಂದ ಇನ್ನೊಂದು ಕಾರನ್ನೂ ಈ ವಾರವೇ ಉಜ್ಜಿಬಿಡು ಎಂದ ಮಾ. ಮೂರು ಭಾನುವಾರ ಬೇಕು, ಮೊದಲು ಎಲ್ಲೆಲ್ಲಿ ಬಳಿಸಿದ್ದೀರಿ ಹೇಳಿ ಎಂದ ದಲ್‌ಸು, ಸಾವಿಗೆ ಬಂದವರಿಗೆ ಬಡಿಸುವ ಖಾರದ ಮಾಂಸದ ಸಾರಿನ ಬಟ್ಟಲಿನ ಮುಂದೆ ಕೂರುತ್ತ.